ಅರವತ್ತೆರಡು ವರ್ಷ ಬದುಕಿದ ಹೆಬ್ಬಾತು

ಆ ಸೋಮವಾರ ಹಾರ್ಲನ್ ಸ್ಕೂಗ್‌ನ ನೆಮ್ಮದಿ ಕೆಡಿಸಿದ್ದು ಒಂದು ಹೆಬ್ಬಾತು. ಅಂಗಳಕ್ಕೆ ನುಗ್ಗಿ ಕಚ್ಚಿದ ಹೆಬ್ಬಾತೇನಲ್ಲ. ಎಲ್ವೀರ ಬ್ರೆಕ್ಕೆಯವರ ನೆನಪಿನೊಳಗೆ ಅರವತ್ತೆರಡು ವರ್ಷದಿಂದ ಕುಂಟುತ್ತಾ ಓಡಾಡಿಕೊಂಡಿದ್ದ ಹೆಬ್ಬಾತು.

ಬ್ರೆಕ್ಕೆಯವರು ಸ್ಟೋರ್‌ವಿಕ್ ಊರಿನ ಶಾಲಾ ಮಂಡಳಿಯ ಅಧ್ಯಕ್ಷೆ. ೧೯೯೫ರ ಫೆಬ್ರವರಿಯ ಆ ಬೆಳಗ್ಗೆ, ಮಿನೆಸೋಟದ ಹಿಮವನ್ನೆಲ್ಲ ಬೂಟಿಗೇ ಮೆತ್ತಿಕೊಂಡವರಂತೆ ಅವರು ಶಾಲೆಯ ಲೈಬ್ರರಿಗೆ ಕಾಲಿಟ್ಟರು. ಹಾರ್ಲನ್ ಅಲ್ಲಿಯ ಲೈಬ್ರರಿಯನ್. ಇಪ್ಪತ್ತೊಂದು ವರ್ಷ ಅದೇ ಕೋಣೆಯಲ್ಲಿ ಕೂತು ಕೂತು ಅವನೂ ಒಂದು ಕಪಾಟಿನ ಹಾಗೇ ಆಗಿದ್ದ. ಎತ್ತರ, ತೆಳು, ಯಾರಾದರೂ ಬಂದು ಏನಾದರೂ ಕೇಳುವವರೆಗೆ ಸದ್ದಿಲ್ಲ.

ಕೋಣೆಯ ಇನ್ನೊಂದು ಮೂಲೆಯಲ್ಲಿ ಕುಸ್ತಿ ಕೋಚ್ ಡ್ವೇನ್ ಅಳತೆಪಟ್ಟಿ ಹಿಡಿದು ಗೋಡೆ ಅಳೆಯುತ್ತಿದ್ದ. ಅವನ ಹುಡುಗರು ಈ ಸಲ ರಾಜ್ಯಮಟ್ಟದ ಪಂದ್ಯಕ್ಕೆ ಆಯ್ಕೆಯಾಗಿದ್ದರು. ಅವರ ಮ್ಯಾಟು ಹಾಸಲು ಲೈಬ್ರರಿಯ ಕೋಣೆಯೇ ಬೇಕು, ಪುಸ್ತಕಗಳಿಗೆ ಕಾರಿಡಾರಿನ ಬೀರು ಸಾಕು ಅಂತ ಅರ್ಜಿ ಕೊಟ್ಟಿದ್ದ. ಅದರ ತೀರ್ಮಾನ ಅವತ್ತೇ ಮಧ್ಯಾಹ್ನ ಮೂರಕ್ಕೆ. ಮಂಡಳಿಯಲ್ಲಿ ಮೂವರು ಆ ಕಡೆ, ಮೂವರು ಈ ಕಡೆ. ನಡುವೆ ಬ್ರೆಕ್ಕೆಯವರು.

"ಈ ಪೆಟ್ಟಿಗೆ ಜಗತ್ತಿನ ಲೈಬ್ರರಿಯನ್ನರನ್ನೆಲ್ಲ ಮಾತಾಡಿಸುತ್ತೆ ಅಂದ್ರಲ್ಲ ಹಾರ್ಲನ್, ಹೋದ ಸಭೇಲಿ?" ಬ್ರೆಕ್ಕೆಯವರು ಕಂಪ್ಯೂಟರಿನ ಕಡೆ ಗದ್ದದಿಂದ ಸನ್ನೆ ಮಾಡಿದರು.

"ಹೌದು ಮೇಡಂ. ಮೂರು ಸಾವಿರ ಜನ ಇದ್ದಾರೆ."

"ಹಾಗಾದ್ರೆ ಒಂದು ಪುಸ್ತಕ ಹುಡುಕಿಕೊಡಿ. ನನಗೆ ಏಳು ವರ್ಷ ಇದ್ದಾಗ ಅಪ್ಪ ಓದಿ ಹೇಳಿದ್ದು. ಕೆಂಪು ಟೋಪಿ ಹುಡುಗಿ, ಕುಂಟು ಹೆಬ್ಬಾತು. ಹಿಮಗಾಳಿಯಲ್ಲಿ ಹುಡುಗಿ ಕೆರೆ ಮೇಲೆ ದಾರಿ ತಪ್ತಾಳೆ, ಹೆಬ್ಬಾತು ಮನೆಗೆ ಕರ್ಕೊಂಡು ಬರುತ್ತೆ."

"ಹೆಸರು, ಮೇಡಂ?"

"ಹೆಸರು ಗೊತ್ತಿದ್ರೆ ನಿಮ್ಮನ್ನ ಯಾಕೆ ಕೇಳ್ಲಿ? ಪುಸ್ತಕದ ಹೊದಿಕೆ ನೀಲಿ. ಅಥವಾ ಹಸಿರು. ಮೂರು ಗಂಟೆಯೊಳಗೆ ಸಿಕ್ರೆ ನನ್ನ ಮತ ಲೈಬ್ರರಿಗೆ. ಸಿಗದಿದ್ರೆ ಮ್ಯಾಟಿಗೆ."

"ಹದಿನೆಂಟು ಅಡಿ!" ಅಂದ ಡ್ವೇನ್, ಖುಷಿಯಿಂದ.

ಶಾಲಾ ಲೈಬ್ರರಿಯನ್ನರ ಆ ಇಮೇಲ್ ಗುಂಪಿಗೆ ಒಂದು ಶಿಸ್ತು ಇತ್ತು. ಒಬ್ಬರು ಪ್ರಶ್ನೆ ಹಾಕಿದರೆ ಅದು ಮೂರು ಸಾವಿರ ಮಂದಿಗೂ ಹೋಗುತ್ತದೆ. ಉತ್ತರ ಮಾತ್ರ ಕೇಳಿದವರೊಬ್ಬರಿಗೇ ಬರಬೇಕು, ಎಲ್ಲರ ತಲೆ ತಿನ್ನಬಾರದು. ಕೊನೆಗೆ ಕೇಳಿದವರು ಸಿಕ್ಕಿದ್ದನ್ನೆಲ್ಲ ಒಟ್ಟುಮಾಡಿ ಒಂದೇ ಸಲ ಎಲ್ಲರಿಗೂ ತಿಳಿಸಬೇಕು. ಹಾರ್ಲನ್‌ಗೆ ಈ ಶಿಸ್ತೆಂದರೆ ಪ್ರಾಣ. ಅವನು ಎಷ್ಟೋ ಸಲ ಪರರಾಜ್ಯದ ಮಕ್ಕಳಿಗಾಗಿ ಕಪ್ಪೆಗಳ ಆಯಸ್ಸು, ಹಳೇ ರೈಲುಗಳ ವೇಗ ಹುಡುಕಿಕೊಟ್ಟಿದ್ದ. ತಾನಾಗಿ ಏನೂ ಕೇಳಿದವನಲ್ಲ. ಅವತ್ತು ಕೇಳಿದ.

ಮೋಡೆಂ ಫೋನಿನ ತಂತಿ ಹಿಡಿದು ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕಿನಂತೆ ಕಿರುಚಿ, ಕೊನೆಗೆ ಸಮಾಧಾನವಾಯಿತು. ಪ್ರಶ್ನೆ ಹೊರಟಿತು. ಹಿಮ ಸುರಿಯುವ ಕಿಟಕಿಯ ಪಕ್ಕ ಕೂತ ಹಾರ್ಲನ್‌ಗೆ ತನ್ನ ಪ್ರಶ್ನೆಯ ನಾಲ್ಕು ಸಾಲುಗಳು ಹೊಲ, ನದಿ, ಕಡಲು ದಾಟಿ, ಗೊತ್ತಿಲ್ಲದ ಊರುಗಳ ಕದ ತಟ್ಟುವುದು ಕಂಡಂತಾಯಿತು.

ಅಷ್ಟರಲ್ಲಿ ಟಕ್ ಅಂತ ಸಂಪರ್ಕ ಕಡಿಯಿತು. ಆಫೀಸಿನ ಆರ್ಡಿಸ್ ಫೋನ್ ಎತ್ತಿದ್ದಳು.

ಇಡೀ ಶಾಲೆಗೆ ಇದ್ದದ್ದು ಒಂದೇ ಫೋನ್ ಲೈನು. ಆಫೀಸಿನಲ್ಲೋ ಅಡುಗೆಮನೆಯಲ್ಲೋ ಯಾರಾದರೂ ಎತ್ತಿದರೆ ಹಾರ್ಲನ್‌ನ ಜಗತ್ತು ಬಂದ್. ಪ್ರಿಂಟರೂ ಒಂದೇ, ಅದು ಆರ್ಡಿಸಳ ಮೇಜಿನ ಪಕ್ಕದಲ್ಲಿ. ಹೀಗಾಗಿ ಹಾರ್ಲನ್‌ಗೆ ಬಂದ ಕಾಗದಗಳನ್ನು ಮೊದಲು ಓದುವವಳು ಆರ್ಡಿಸ್. ಎರಡನೆಯದಾಗಿ ಊರು. ಹಾರ್ಲನ್‌ನದು ಮೂರನೇ ಸರದಿ.

"ಆರ್ಡಿಸ್, ದಮ್ಮಯ್ಯ. ಮೂರು ಗಂಟೆವರೆಗೂ ಫೋನ್ ಮುಟ್ಟಬೇಡ ಕಣೆ."

"ನಮ್ಮಕ್ಕನಿಗೆ ಹೆಬ್ಬಾತಿನ ವಿಷಯ ಹೇಳ್ತಿದ್ದೆ ಅಷ್ಟೆ. ಅದು ಹೆಬ್ಬಾತಲ್ಲ, ಕೋಳಿ ಇರ್ಬೇಕು ಅಂದ್ಲು."

ಹತ್ತೂವರೆಯ ಹೊತ್ತಿಗೆ ಅಡುಗೆಯ ಲವಾನ್, ಮಕ್ಕಳ ಮಧ್ಯಾಹ್ನದ ಊಟಕ್ಕೆ ಬೇಯುತ್ತಿದ್ದ ಹಾಟ್‌ಡಿಶ್ ಬಿಟ್ಟು ಸೌಟಿನ ಸಮೇತ ಬಂದು, ಅದು ನರಿಯ ಕತೆ ಅಂತ ಆಣೆ ಮಾಡಿದಳು. ಗಣಿತದ ಮೇಷ್ಟ್ರು ಹೊದಿಕೆ ಹಳದಿ ಅಂದರು. ಕತೆ ಗೊತ್ತಿಲ್ಲವಂತೆ, ಆದರೆ ಹಳದಿ. ಡ್ವೇನ್ ಬಾಗಿಲು ಅಳೆದು, "ಗುರುವೇ, ಆ ಪ್ರಪಂಚದ ನಕ್ಷೆ ನೀನೇ ತಗೊಂಡು ಹೋಗ್ತೀಯ, ಇಲ್ಲೇ ಬಿಡ್ತೀಯ?" ಅಂತ ಪ್ರೀತಿಯಿಂದಲೇ ಕೇಳಿದ.

ಉತ್ತರಗಳು ಬಂದವು. ಆರು ಜನ ಆರು ಪುಸ್ತಕ ಹೇಳಿದ್ದರು. ಒಂದರಲ್ಲಿ ಹೆಬ್ಬಾತು ಕುಂಟಲ್ಲ, ಇನ್ನೊಂದರಲ್ಲಿ ಹುಡುಗಿಯೇ ಇಲ್ಲ. ಟೆಕ್ಸಾಸಿನ ಒಲೀಟ ಎಂಬಾಕೆ, ಮುಖ ನೋಡದಿದ್ದರೂ ಹಾರ್ಲನ್‌ಗೆ ಒಡಹುಟ್ಟಿದವಳಷ್ಟು ಹತ್ತಿರ, "ಅಣ್ಣಾ, ಧೈರ್ಯವಾಗಿರು, ಇನ್ನೂ ಹುಡುಕ್ತಿದೀನಿ" ಅಂತ ಬರೆದಿದ್ದಳು. ಹಾರ್ಲನ್‌ನ ಮನಸ್ಸು ಕರಗಿತು. ಒಲೀಟಳಿಗೊಬ್ಬಳಿಗೇ ಅಂದುಕೊಂಡು ಒಂದು ಪತ್ರ ಕುಟ್ಟಿದ:

"ಒಲೀಟಾ, ಹೆಬ್ಬಾತು ಸಿಗದಿದ್ರೆ ನನ್ನ ಕತೆ ಮುಗೀತು. ಡ್ವೇನ್ ಬೆಳಗ್ಗೆಯಿಂದ ಗೋಡೆ ಅಳೀತಿದ್ದಾನೆ. ಅವನ ಮ್ಯಾಟುಗಳು ಸತ್ತ ಮೀನಿನ ಹಾಗೆ ನಾರುತ್ತವೆ. ನಾನು ಬಾಯ್ಲರ್ ಕೋಣೆಗೆ ಹೋಗಿ ಅಳಬೇಕಷ್ಟೆ."

ಗುಂಡಿ ಒತ್ತಿದ ಮೇಲೆ ನೋಡುತ್ತಾನೆ, ವಿಳಾಸದ ಜಾಗದಲ್ಲಿ ಒಲೀಟಳ ಹೆಸರಿಲ್ಲ. ಗುಂಪಿನ ಹೆಸರಿದೆ. ಅವನ ಅಳು ಮೂರು ಸಾವಿರ ಶಾಲೆಗಳಿಗೆ ಹೋಗಿತ್ತು.

ಲೈಬ್ರರಿಯನ್ನರು ಮರುಕವಿಲ್ಲದ ಜನರಲ್ಲ. ಹನ್ನೆರಡು ಗಂಟೆಗೆ ಅಂಚೆಪೆಟ್ಟಿಗೆ ತೆರೆದರೆ ಇನ್ನೂರ ಹದಿನಾಲ್ಕು ಪತ್ರ. ಒಹಾಯೊದವರು ಮ್ಯಾಟಿನ ನಾತಕ್ಕೆ ವಿನಿಗರ್ ಒಳ್ಳೆಯದು ಅಂದಿದ್ದರು. ಅದಕ್ಕಿಂತ ಅಡುಗೆ ಸೋಡಾ ಲೇಸು ಅಂತ ಐವತ್ತು ಜನ. ಕೆನಡಾದ ಒಬ್ಬಾಕೆ, "ಬಾಯ್ಲರ್ ಕೋಣೆ ಬೆಚ್ಚಗಾದರೂ ಇರುತ್ತೆ, ನಾನು ಏಳು ವರ್ಷದಿಂದ ಅಲ್ಲೇ ಇದೀನಿ" ಅಂದಿದ್ದಳು. ಯಾವ ಜಾತಿಯ ಮೀನು ಅಂತ ಕೇಳಿದವರು ಒಂಬತ್ತು ಮಂದಿ, ವಿವರ ಸ್ಪಷ್ಟವಾಗಿರಬೇಕಲ್ಲ.

ಹೆಬ್ಬಾತಿನ ಉತ್ತರವೇನಾದರೂ ಇದ್ದರೆ ಈ ಕನಿಕರದ ರಾಶಿಯ ಅಡಿಯಲ್ಲೇ ಇರಬೇಕು. ಹಾರ್ಲನ್ ಒಂದೊಂದನ್ನೇ ತೆರೆದು, ಓದಿ, ಅಳಿಸತೊಡಗಿದ. ಓದದೆ ಅಳಿಸುವುದು ಅವನಿಂದಾಗದು. ಎಂಬತ್ತನೇ ಪತ್ರಕ್ಕೆ ಲವಾನ್ ಅಡುಗೆಮನೆಯಿಂದ ಫೋನ್ ಎತ್ತಿದಳು. ಸಂಪರ್ಕ ಕಡಿದು, ಅಳಿಸಿದ್ದ ಎಂಬತ್ತೂ ಎದ್ದು ಬಂದು ಮತ್ತೆ ಸಾಲಾಗಿ ನಿಂತವು.

ಡ್ವೇನ್ ಒಳಬಂದ. ಕೈಯಲ್ಲಿ ಆರ್ಡಿಸಳ ಪ್ರಿಂಟರಿನಿಂದ ಬಂದ, ಹಾರ್ಲನ್‌ನದೇ ಪತ್ರದ ಹಾಳೆ.

"ಸತ್ತ ಮೀನಾ?"

"ಡ್ವೇನ್, ನಾನು..."

"ನಾನೂ ಅದನ್ನೇ ಹೇಳ್ತೀನಿ ಮಾರಾಯ! ಮ್ಯಾಟು ಈಗಿರೋ ಆ ನೆಲಮಾಳಿಗೇಲಿ ಗಾಳಿಯೇ ಇಲ್ಲ. ಇಲ್ಲಿ ನೋಡು, ನಾಲ್ಕು ಕಿಟಕಿ. ಇದನ್ನ ಸಭೇಲಿ ಓದಿ ಹೇಳ್ತೀನಿ. ನಿನ್ನಷ್ಟು ಚೆನ್ನಾಗಿ ನಂಗೆ ಬರೆಯೋಕೆ ಬರಲ್ಲ."

ಎರಡು ಗಂಟೆಗೆ, ಇನ್ನೂರ ಆರನೆಯದಾಗಿ, ಅದು ಸಿಕ್ಕಿತು. ಟಾಸ್ಮೇನಿಯಾದ ಬೆರಿಲ್ ಬರೆದಿದ್ದರು. ಅಲ್ಲಿ ಆಗಲೇ ಮಂಗಳವಾರದ ಬೆಳಗ್ಗೆ. ಉತ್ತರ ನಾಳೆಯಿಂದ ಬಂದಿತ್ತು.

"ನೀವು ಹೇಳುವ ಪುಸ್ತಕ 'ಕೆರೆಯಾಚೆಯ ಹಿಲ್ಡಾ'. ಹೊದಿಕೆ ನೀಲಿ, ಮಾಸಿದ ಮೇಲೆ ಹಸಿರು. ಬೆನ್ನು ಕಿತ್ತಿತ್ತು ಅಂತ ಅಂಟಿಸಲು ಮನೆಗೆ ತಂದಿದ್ದೆ, ಈಗ ನನ್ನ ಚಹಾದ ಪಕ್ಕದಲ್ಲೇ ಇದೆ. ನಲವತ್ತೆಂಟೇ ಪುಟ, ಪುಟಕ್ಕೆ ಎರಡು ಮೂರು ಸಾಲು. ಬೇಕಿದ್ದರೆ ಪೂರ್ತಿ ಟೈಪ್ ಮಾಡಿ ಕಳಿಸುತ್ತೇನೆ."

"ಬೇಕು" ಅಂತ ಹಾರ್ಲನ್ ಬರೆದ. ಕಳಿಸುವ ಮೊದಲು ವಿಳಾಸ ಮೂರು ಸಲ ನೋಡಿದ.

ಆಮೇಲಿನ ಅರ್ಧ ಗಂಟೆ ಆರ್ಡಿಸ್ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಲವಾನ್ ಅಡುಗೆಮನೆಯ ಫೋನಿನ ಮೇಲೆ ಬಾಣಲೆ ಕವಿಚಿದಳು. ಎರಡು ನಲವತ್ತಕ್ಕೆ ಕತೆ ಬಂತು. ಪ್ರಿಂಟರ್ ಕರಕರ ಅಂತ, ಎರಡೂ ಅಂಚಿಗೆ ತೂತಿದ್ದ ಉದ್ದನೆಯ ಕಾಗದವನ್ನು ಉಗುಳತೊಡಗಿತು. ಹಾರ್ಲನ್ ಲೈಬ್ರರಿಗೆ ಓಡಿ ಟೈ ಸರಿಮಾಡಿಕೊಂಡು ಬರುವಷ್ಟರಲ್ಲಿ ಮೂರಕ್ಕೆ ಎರಡು ನಿಮಿಷ. ಆರ್ಡಿಸ್ ಕಾಗದದ ಸುರುಳಿ ಹಿಡಿದು ನಿಂತಿದ್ದಳು. ಮೂಗು ಕೆಂಪಾಗಿತ್ತು, ಕಣ್ಣು ತುಂಬಿತ್ತು.

"ಅಷ್ಟು ಚೆನ್ನಾಗಿದೆಯಾ?" ಅಂದ ಹಾರ್ಲನ್.

"ನಾನೇನೂ ಹೇಳಲ್ಲಪ್ಪ," ಅಂದಳು ಆರ್ಡಿಸ್. "ಯಾವಾಗ್ಲೂ ಎಲ್ಲಾನೂ ಮೊದ್ಲೇ ಹೇಳಿಬಿಡ್ತೀನಿ ಅಂತ ಬೈತೀಯಲ್ಲ. ಹೋಗು, ನೀನೇ ಓದು."

ಸಭೆ ನಡೆದದ್ದು ಕ್ಯಾಂಟೀನಿನಲ್ಲಿ. ಡ್ವೇನ್ ಮೀನಿನ ಪತ್ರ ಓದಿ ಕೂತ. ಆಮೇಲೆ ಹಾರ್ಲನ್ ಎದ್ದು, ಪುಸ್ತಕದ ಹೆಸರು ಹೇಳಿ, ಕತೆ ಶುರು ಮಾಡಿದ.

ಮೂರನೇ ಸಾಲಿಗೇ ಬ್ರೆಕ್ಕೆಯವರ ಕನ್ನಡಕ ಕೆಳಗಿಳಿಯಿತು. ಹಿಲ್ಡಾ ಕೆಂಪು ಟೋಪಿ ಹಾಕಿಕೊಂಡಾಗ ಅವರ ಕೈ ತಾನಾಗಿ ತಲೆಗೆ ಹೋಯಿತು. ಹಿಮಗಾಳಿ ಎದ್ದಿತು, ಕೆರೆ ಬೆಳ್ಳಗಾಯಿತು, ಕುಂಟು ಹೆಬ್ಬಾತು ಮುಂದೆ, ಹುಡುಗಿ ಹಿಂದೆ. ಕ್ಯಾಂಟೀನಿನಲ್ಲಿ ಒಬ್ಬರೂ ಕಾಫಿ ಗುಟುಕರಿಸಲಿಲ್ಲ. ಅರವತ್ತೊಂಬತ್ತರ ಅಧ್ಯಕ್ಷೆಯ ಕುರ್ಚಿಯಲ್ಲಿ ಏಳು ವರ್ಷದ ಹುಡುಗಿ ಕೂತಿದ್ದಳು. ಡ್ವೇನ್ ಸಹ ಅಳತೆಪಟ್ಟಿಯಿಂದ ಕಣ್ಣೊರೆಸಿಕೊಂಡ. ನಲವತ್ತೈದನೇ ಪುಟದಲ್ಲಿ ಹಿಲ್ಡಾ ಮನೆ ಸೇರಿದಳು. ಗೆದ್ದೆ ಅಂದುಕೊಂಡ ಹಾರ್ಲನ್‌ನ ಕಣ್ಣು ಮುಂದಿನ ಸಾಲಿಗೆ ಜಾರಿತು. ಅಲ್ಲೇ ನಿಂತಿತು.

"ಇಷ್ಟೇ ಮೇಡಂ. ಮುಗೀತು."

"ಮುಗೀತಾ? ಇನ್ನೂ ಒಂದು ಗಜ ಕಾಗದ ನೇತಾಡ್ತಿದೆ."

"ಅದು... ಪ್ರಕಾಶಕರ ವಿಳಾಸ."

"ಕೊಡಿ ಇಲ್ಲಿ."

ಬ್ರೆಕ್ಕೆಯವರು ತಾವೇ ಓದಿದರು, ಗಟ್ಟಿಯಾಗಿ. "ಕ್ರಿಸ್‌ಮಸ್ ಬಂತು. ಒಲೆ ಚೆನ್ನಾಗಿ ಉರಿಯುತ್ತಿತ್ತು. ಹೆಬ್ಬಾತು ತುಂಬ ರುಚಿಯಾಗಿತ್ತು. ಹಿಲ್ಡಾ ಎರಡು ಸಲ ಬಡಿಸಿಕೊಂಡಳು."

ಅವರು ಕಾಗದ ಮಡಿಸಿ ಮೇಜಿನ ಮೇಲಿಟ್ಟರು.

"ಅದು ಚಾವಣಿ ಮೇಲಿಂದ ದಕ್ಷಿಣಕ್ಕೆ ಹಾರಿಹೋಯ್ತು ಅಂತ ಅಪ್ಪ ಹೇಳಿದ್ದ," ಅಂದರು ಬ್ರೆಕ್ಕೆಯವರು ನಿಧಾನವಾಗಿ. "ಪ್ರತಿ ವರ್ಷ ವಸಂತದಲ್ಲಿ ಹೆಬ್ಬಾತಿನ ಸಾಲು ವಾಪಸ್ ಬಂದಾಗ ನಾನು ಕುಂಟೋದು ಯಾವುದು ಅಂತ ನೋಡ್ತೀನಿ. ಹೋದ ವರ್ಷಾನೂ ನೋಡಿದೀನಿ."

"ಮೇಡಂ, ನನಗೆ ಗೊತ್ತಿದ್ರೆ..."

"ಅರವತ್ತೆರಡು ವರ್ಷ ಬದುಕಿತ್ತು ಹಾರ್ಲನ್. ಇವತ್ತು ಮೂರೂ ಹದಿನೈದಕ್ಕೆ ನೀವೂ ನಿಮ್ಮ ಯಂತ್ರಾನೂ ಸೇರ್ಕೊಂಡು ಸುಟ್ಟು ತಿಂದ್ರಿ." ಅವರು ಕೈ ಎತ್ತಿದರು. "ಕುಸ್ತಿಗೆ."

ನಾಲ್ಕು ಗಂಟೆಗೆಲ್ಲ ಡ್ವೇನ್‌ನ ಮೊದಲ ಮ್ಯಾಟು ಬಂತು. ನಿಜಕ್ಕೂ ನಾರುತ್ತಿತ್ತು. ಹಾರ್ಲನ್ ಮಾತ್ರ ಶಿಸ್ತು ಬಿಡಲಿಲ್ಲ. ಕೇಳಿದವನು ಎಲ್ಲರಿಗೂ ತಿಳಿಸಬೇಕಲ್ಲ. ಪುಸ್ತಕದ ಹೆಸರು, ಪುಟಸಂಖ್ಯೆ, ಬೆರಿಲ್‌ಗೆ ಕೃತಜ್ಞತೆ, ಎಲ್ಲ ಬರೆದು ಕಳಿಸಿದ. ಆಮೇಲೆ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದ. ಬೂಟಿನ ಸದ್ದಾಯಿತು. ಬ್ರೆಕ್ಕೆಯವರು ಬಂದು, ಒಂದು ಕುರ್ಚಿ ಎಳೆದುಕೊಂಡು, ಕೋಟು ಬಿಚ್ಚದೆ ಕೂತರು.

"ಪೆನ್ಸಿಲ್ ಇದೆಯಾ?"

"ಇದೆ ಮೇಡಂ."

"ಬರ್ಕೊಳ್ಳಿ. ಗಣಿಯೊಳಗೆ ದುಡಿಯೋ ಕುರುಡು ಕುದುರೆ. ಕೊನೇಲಿ ಅದನ್ನ ಬಿಸಿಲಿಗೆ ಬಿಡ್ತಾರೆ. ಅಪ್ಪ ಹೇಳಿದ ಪ್ರಕಾರ. ಆಮೇಲೆ ಕಡಲ ದೀಪಸ್ತಂಭ ಕಾಯೋ ಮುದುಕ. ಅವನ ಮಗ ಬೋಟು ಮುಳುಗಿದ್ರೂ ಈಜಿಕೊಂಡು ಮನೆಗೆ ಬರ್ತಾನೆ. ಅಪ್ಪ ಹೇಳಿದ ಪ್ರಕಾರ. ಇನ್ನೊಂದು ಕರಡಿಮರಿ, ಅದರ ಹೊದಿಕೆ ಗ್ಯಾರಂಟಿ ಕಂದು. ಹೀಗೆ ಒಟ್ಟು ಹನ್ನೊಂದಿವೆ."

"ಹನ್ನೊಂದಾ? ಮೇಡಂ, ಐದು ಗಂಟೆಗೆ ನಾನು ಕೋಣೆ ಖಾಲಿ ಮಾಡ್ಬೇಕು. ನೀವೇ ಮತ ಹಾಕಿದ್ದು."

"ಅದು ಮಂಡಳಿ ವಿಷಯ, ಇದು ನನ್ನ ವಿಷಯ. ಬಾಯ್ಲರ್ ಕೋಣೇಲಿ ಲೈಟಿದೆ ತಾನೆ? ಗುರುವಾರದೊಳಗೆ ಆಗ್ಲಿ." ಬ್ರೆಕ್ಕೆಯವರು ಕೈಚೀಲದಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. "ಅಪ್ಪ ಇನ್ನೂ ಯಾರ್ಯಾರನ್ನ ಬದುಕಿಸಿಟ್ಟಿದಾನೋ, ನನಗೆ ಗೊತ್ತಾಗ್ಬೇಕು."