ಮೊದಲನೇ ಸೂಜಿ

ಕಡೂರಿನ ಕೊಬ್ಬರಿ ಮಂಡಿಯ ಯಜಮಾನರಾದ ಮಲ್ಲಿಕಾರ್ಜುನಯ್ಯ ಒಂದು ಮಾತು ಕೊಟ್ಟುಬಿಟ್ಟರು. ಆಳುಗಳ ಮೇಸ್ತ್ರಿ ಹಾಲೇಶನ ಫಜೀತಿ ಶುರುವಾದದ್ದು ಅಲ್ಲಿಂದಲೇ.

ಕೊರೊನಾ ಲಸಿಕೆ ಬಂದ ಹೊಸದು. ಮಂಡಿಯ ಆಳುಗಳಲ್ಲಿ ಒಬ್ಬರೂ ಸೂಜಿಗೆ ತೋಳು ಕೊಡಲು ಒಪ್ಪಲಿಲ್ಲ. ಆಗ ಯಜಮಾನರು ಕೊಬ್ಬರಿ ರಾಶಿಯ ಮುಂದೆ ನಿಂತು, "ಮೊದಲನೇ ಸೂಜಿ ನನಗೇ ಕಣ್ರೀ. ನನಗೇನಾದ್ರೂ ಆದ್ರೆ ನೀವ್ಯಾರೂ ಹಾಕಿಸ್ಕಬೇಡಿ" ಅಂದರು. ಲಾಕ್‌ಡೌನಿನಲ್ಲಿ ಮಂಡಿ ಮುಚ್ಚಿದ್ದಾಗಲೂ ಆಳುಗಳ ಮನೆಮನೆಗೆ ಅಕ್ಕಿ ಬೇಳೆ ಕಳಿಸಿದ್ದ ಮನುಷ್ಯ. ಅವರ ಮಾತನ್ನು ಯಾರೂ ತೆಗೆದುಹಾಕಲಿಲ್ಲ.

ಹೇಳಿದ ದಿನ ನರ್ಸ್ ನಿಶ್ಚಿತಾ ಐಸ್ ಪೆಟ್ಟಿಗೆ ಹಿಡಿದು ಬಂದು ಮಂಡಿಯ ಆಫೀಸು ಕೋಣೆಯಲ್ಲಿ ಕೂತಳು. ಯಜಮಾನರು ಹಾಲೇಶನನ್ನು ಮಾತ್ರ ಒಳಗೆ ಕರೆದುಕೊಂಡು ಬಾಗಿಲು ಮುಂದೆ ಮಾಡಿದರು. ಅಂಗಿಯ ತೋಳು ಮಡಚಿ ಕೂತರು. ನಿಶ್ಚಿತಾ ಇನ್ನೂ ಔಷಧಿ ಎಳೆಯುತ್ತಿದ್ದಳು, ಅಷ್ಟೆ. ಸೂಜಿಯ ತುದಿ ಬೆಳಕಿಗೆ ಮಿನುಗಿದ್ದೇ ತಡ, ಬುಡ ಕಡಿದ ಬಾಳೆಗಿಡದ ಹಾಗೆ ಹಾಲೇಶನ ಮೇಲೆ ಒರಗಿಬಿಟ್ಟರು.

ಸೂಜಿ ಕಂಡರೆ ಹೀಗಾಗುವವರು ಬೇಕಾದಷ್ಟು ಜನ ಇದ್ದಾರೆ ಅನ್ನುತ್ತಾ ನಿಶ್ಚಿತಾ ಅವರನ್ನು ಬೆಂಚಿನ ಮೇಲೆ ಮಲಗಿಸಿದಳು. ಕಣ್ಣು ಬಿಟ್ಟ ಯಜಮಾನರು ಹಾಲೇಶನ ಕೈ ಹಿಡಿದು, "ಹೊರಗೆ ಹೇಳ್ಬೇಡ ಕಣೋ, ಮರ್ಯಾದೆ ಹೋಗ್ತದೆ. ಒಂದು ಎಳನೀರು ತಂದ್ಕೊಡು" ಎಂದು ಪಿಸುಗುಟ್ಟಿದರು.

ಹಾಲೇಶ ಹೊರಬಂದರೆ, ಮಂಡಿಯಲ್ಲಿ ಕಾಯಿ ಒಡೆಯುವ ಹುಚ್ಚಮ್ಮ ಬಾಗಿಲಲ್ಲೇ ನಿಂತಿದ್ದಳು. ಎಳನೀರು ಯಾರಿಗೆ ಅಂತ ಕೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹಾಲೇಶ, ಯಜಮಾನರು ಸ್ವಲ್ಪ ಮಲಗಿದ್ದಾರೆ ಅಂದ. ಅಷ್ಟು ಸಾಕಾಯಿತು. ಸುದ್ದಿ ತೂಕದ ಯಂತ್ರದ ಹತ್ತಿರ ಹೋಗುವಷ್ಟರಲ್ಲಿ ಯಜಮಾನರ ಕೈಕಾಲು ಬಿದ್ದುಹೋಗಿದ್ದವು. ಗೇಟು ಮುಟ್ಟುವಷ್ಟರಲ್ಲಿ ಮಾತೂ ನಿಂತಿತ್ತು. ಎದುರಂಗಡಿಯ ಹನುಮಂತಪ್ಪ ಬಂದು, ಹೂವಿನ ಹಾರಕ್ಕೆ ಹೇಳಿ ಕಳಿಸಲೇ ಅಂತ ಮೆಲ್ಲಗೆ ವಿಚಾರಿಸಿದ. ಆಳುಗಳೆಲ್ಲ ಬುತ್ತಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟರು.

ನಿಜ ಹೇಳಿದರೆ ಯಜಮಾನರ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಇವರು ಹೋಗುತ್ತಾರೆ. ಹಿಂದಿನ ಅಲೆಯಲ್ಲಿ ಆಸ್ಪತ್ರೆ ಸೇರಿದ ಹಮಾಲಿ ಈರಣ್ಣ ವಾಪಸು ಬಂದಿರಲಿಲ್ಲ. ಅದು ನೆನಪಾಗಿ ಹಾಲೇಶ ಗೇಟಿಗೆ ಅಡ್ಡ ನಿಂತ. ನಿಶ್ಚಿತಾಳನ್ನು ಅಂಗಳಕ್ಕೇ ಕರೆಸಿ, ಕೊಬ್ಬರಿ ಚೀಲದ ಮೇಲೆ ಕೂತು, ಎಲ್ಲರೆದುರಿಗೆ ಎಡತೋಳು ಚಾಚಿದ. ಸೂಜಿ ಹೋಯಿತು, ಬಂತು. ಇರುವೆ ಕಚ್ಚಿದಷ್ಟೂ ಇಲ್ಲ ಅಂದ.

ಹುಚ್ಚಮ್ಮನಿಗೆ ಸಮಾಧಾನವಾಗಲಿಲ್ಲ. ಕೈ ಎತ್ತೋಕಾಗಲ್ವಂತೆ, ಜ್ವರ ಬರ್ತದಂತೆ ಅಂದಳು. ಹಾಲೇಶ ಅದೇ ಎಡಗೈ ಹಾಕಿ ಚೀಲವನ್ನು ಹೆಗಲಿಗೇರಿಸಿ, ಮದುವೆ ಗಂಡಿನ ಹಾಗೆ ನಗುತ್ತಾ ಅಂಗಳ ಸುತ್ತಿದ. ಜನ ಒಬ್ಬೊಬ್ಬರಾಗಿ ಸಾಲು ನಿಂತರು.

ಗದ್ದಲ ಕೇಳಿ ಯಜಮಾನರೂ ಎದ್ದು ಬಂದರು. ಸಾಲು ನೋಡಿ ಅವರಿಗೆ ನಾಚಿಕೆಯಾಯಿತು. ತಮಗೆ ಸೂಜಿ ಅಂದರೆ ಹೆದರಿಕೆ ಅಂತ ತಾವೇ ಒಪ್ಪಿಕೊಂಡು, ಕಣ್ಣು ಮುಚ್ಚಿ, ಹುಚ್ಚಮ್ಮನ ಕೈ ಹಿಡಿದು ಹಾಕಿಸಿಕೊಂಡರು. ಮಂಡಿಯೆಲ್ಲ ನಕ್ಕಿತು. ಅವರ ಮೇಲಿದ್ದ ಪ್ರೀತಿ ಒಂದು ತೂಕ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಸಂಜೆಗೆ ಹಾಲೇಶನ ತೋಳು ಒನಕೆಯಂತೆ ಬಿಗಿದುಕೊಂಡಿತು. ಒಳಗೊಳಗೇ ಚಳಿ ಹಿಡಿಯಿತು. ಅಷ್ಟರಲ್ಲಿ ಯಜಮಾನರು, ನಾಳೆ ಎಲ್ಲರಿಗೂ ಮೈಕೈ ನೋವು ಇರುತ್ತದೆ, ಸಂಬಳದ ಜೊತೆ ರಜೆ ಅಂತ ಸಾರಿದರು. ಹಾಲೇಶನ ಜೀವ ಹಗುರಾಯಿತು. ಹೆಂಡತಿ ನಯನ ಮಾಡುವ ಮೆಣಸಿನ ಸಾರು, ಕಂಬಳಿ ಕಣ್ಣಮುಂದೆ ಬಂದವು.

ಆದರೆ ಬೆಳಗ್ಗೆ ಅಜ್ಜಂಪುರದಿಂದ ಕಾಯಿ ಲಾರಿ ಬರುವುದಿದೆಯಲ್ಲ, ಇಳಿಸಲು ಯಾರು ಅಂತ ಯಜಮಾನರಿಗೆ ಹೊಳೆಯಿತು.

"ಮೇಸ್ತ್ರಿಗೆ ಏನೂ ಆಗಿಲ್ಲ ಬುಡಿ ಸ್ವಾಮಿ, ಚೀಲ ಹೊತ್ಕಂಡು ಮೆರವಣಿಗೆ ಮಾಡವ್ರೆ" ಅಂದಳು ಹುಚ್ಚಮ್ಮ. ಎಲ್ಲರೂ ಹೌದೆಂದು ತಲೆಯಾಡಿಸಿದರು.

ತನಗೆ ಜ್ವರ ಬಂದಿದೆ ಅಂದರೆ ಎರಡನೇ ಸೂಜಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಹಾಲೇಶ ಕಟಕಟ ಅನ್ನುತ್ತಿದ್ದ ಹಲ್ಲು ಬಿಗಿಹಿಡಿದು, "ಬತ್ತೀನಿ ಯಜಮಾನ್ರೇ" ಅಂದ.

"ನಂಬಿದ್ರೆ ನಿನ್ನಂಥೋನ್ನ ನಂಬಬೇಕು ಕಣೋ" ಅನ್ನುತ್ತಾ ಯಜಮಾನರು, ಪ್ರೀತಿ ಉಕ್ಕಿ ಬಂದು, ಅವನ ಎಡತೋಳಿನ ಮೇಲೆ ಬಲವಾಗಿ ತಟ್ಟಿದರು.