ಅತಿಥಿಯೇ ಗೆಲ್ಲಬೇಕು

ಎಲ್ಲಕ್ಕೂ ಮೂಲ ಮೇಜಿನ ಮೇಲಿದ್ದ ಆ ಹಿತ್ತಾಳೆಯ ಕಪ್. ಹುಟ್ಟಿದಾರಭ್ಯ ಗಾಲ್ಫ್ ಕೋಲು ಮುಟ್ಟದ ಹಿರಿಯ ಗುಮಾಸ್ತ, ಕಂಪನಿ ಕೆಲಸಕ್ಕೆಂದು ಪರದೇಶಕ್ಕೆ ಹೋದಾಗ ಅಲ್ಲಿನ ಸಂಸ್ಥೆಯ ಯಜಮಾನರನ್ನೇ ಸೋಲಿಸಿ ಗೆದ್ದು ತಂದದ್ದು. "ಅವರ ಉಪಚಾರ ನೋಡ್ಬೇಕು ಕಣ್ರೀ. ಚೆಂಡು ಕೆರೆಗೆ ಬಿದ್ರೂ ಚಪ್ಪಾಳೆ ತಟ್ತಾರೆ. ಕಿತ್ತುಬಂದ ಹುಲ್ಲನ್ನ ತಾವೇ ಬಗ್ಗಿ ಕೂರಿಸ್ತಾರೆ" ಎಂದು ಹೇಳಿ ಹೇಳಿ ಅವನು ಕಚೇರಿಯವರ ಕಿವಿ ತೂತು ಮಾಡಿದ್ದ. ಕೊನೆಗೆ ಅವನ ಹೆಸರೇ ಚಾಂಪಿಯನ್ ಎಂದಾಯಿತು.

ಈಗ ಆ ಯಜಮಾನರೇ ಒಪ್ಪಂದಕ್ಕೆ ಸಹಿ ಹಾಕಲು ಬಂದಿದ್ದರು. ಮ್ಯಾನೇಜರ್ ಬೆಳಿಗ್ಗೆಯೇ ಕರೆದರು.

"ಇವತ್ತು ಅವರ ಜೊತೆ ಆಡ್ತೀರಿ. ಆಡಿ ಸೋಲ್ತೀರಿ."

"ನಾನ್ಯಾಕೆ ಸಾರ್ ಸೋಲ್ಬೇಕು?"

"ಅತಿಥಿ ಅಲ್ವೇನ್ರೀ? ಸೋತು ಬನ್ನಿ, ವಿಭಾಗದ ಮುಖ್ಯಸ್ಥರ ಗಾಜಿನ ಕೋಣೆ ನಿಮ್ದೇ."

ಚಾಂಪಿಯನ್‌ಗೆ ಮೈಯೆಲ್ಲ ಉರಿಯಿತು. ಪರದೇಶದಲ್ಲಿ ಗೆದ್ದವನು ಸ್ವಂತ ಊರಲ್ಲಿ ಸೋಲಬೇಕಂತೆ, ಇದು ಯಾವ ಸೀಮೆ ನ್ಯಾಯ? ಆದರೆ ಅವನ ಮೇಜು ಇದ್ದದ್ದು ಬಾಗಿಲ ಹಿಂದೆ. ಒಳಗೆ ಬಂದವರೆಲ್ಲ ಬಾಗಿಲನ್ನು ಅವನ ಮೊಣಕೈಗೆ ಬಡಿದೇ ಬರುತ್ತಿದ್ದರು. ಆ ಮೊಣಕೈಯ ಮುಖ ನೋಡಿ ಒಪ್ಪಿಕೊಂಡ.

"ಗೆಲ್ಲೋಕಾದ್ರೆ ಕಷ್ಟ ಪಡ್ಬೇಕು ಚಾಂಪಿಯನ್, ಸೋಲೋಕೇನು" ಎಂದ ಕ್ಯಾಷಿಯರ್, ತಮಾಷೆ ನೋಡಲು ಮ್ಯಾನೇಜರ್ ಹಿಂದೆ ತಾನೂ ಹೊರಟ.

ಸೋಲುವುದೇನೂ ಸುಲಭವಿರಲಿಲ್ಲ. ಚಾಂಪಿಯನ್ ಚೆಂಡನ್ನು ಪೊದೆಗೆ ಹೊಡೆದರೆ ಯಜಮಾನರು ಮರಳಿಗೆ ಹೊಡೆದರು. ಇವನು ಮರಳಿಗೆ ಹೊಡೆದರೆ ಅವರು ಕೆರೆಗೇ ಹೊಡೆದರು. ಒಬ್ಬರಿಗೊಬ್ಬರು ಚಪ್ಪಾಳೆ ತಟ್ಟುತ್ತ ಕೊನೆಯ ಕುಳಿಗೆ ಬರುವಾಗ ಇಬ್ಬರೂ ಸಮಸಮ. ಯಜಮಾನರ ಚೆಂಡು ಕುಳಿಯಿಂದ ಗೇಣು ದೂರದಲ್ಲಿತ್ತು. ಅದನ್ನವರು ಮೆಲ್ಲನೆ ಪಕ್ಕಕ್ಕೆ ತಳ್ಳಿ, ಹಣೆ ಚಚ್ಚಿಕೊಂಡು, ತಲೆಯಾಡಿಸಿ ನಕ್ಕರು.

ಆ ನಗು ಚಾಂಪಿಯನ್‌ಗೆ ಗುರುತಿತ್ತು. ಕಪ್ ಗೆದ್ದ ದಿನವೂ ಅವರು ಚೆಂಡನ್ನು ಹೀಗೇ ತಳ್ಳಿ, ಹೀಗೇ ಹಣೆ ಚಚ್ಚಿಕೊಂಡು ನಕ್ಕಿದ್ದರು. ಹಾಗಾದರೆ ಆ ಕಪ್ಪೂ ಊಟದ ಕೊನೆಗೆ ಬಡಿಸುವ ಸಿಹಿಯಂತೆ ಅವರ ಉಪಚಾರದ್ದೇ ಒಂದು ಬಾಬತ್ತು.

"ನನ್ನನ್ನೇನು ಮಗು ಅಂದ್ಕೊಂಡಿದ್ರಾ" ಎಂದು ಹಲ್ಲು ಕಡಿದು, ಹಾಳಾಗಿ ಕೆರೆಗೆ ಬೀಳಲಿ ಎಂದು ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಬೀಸಿದ. ಚೆಂಡು ದಂಡೆಯ ಮರಕ್ಕೆ ಬಡಿದು, ಹಿಂದಿರುಗಿ, ಸಾಕಿದ ನಾಯಿಯಂತೆ ಉರುಳುರುಳುತ್ತ ಕುಳಿಯೊಳಗೆ ಹೋಗಿ ಕೂತಿತು.

ಮ್ಯಾನೇಜರ್ ಮುಖ ಸುಣ್ಣ ಬಳಿದಂತಾಯಿತು. ಯಜಮಾನರು ಮಾತ್ರ ಓಡಿಬಂದು ಚಾಂಪಿಯನ್‌ನ ಎರಡೂ ಕೈ ಕುಲುಕಿ, ಮ್ಯಾನೇಜರ್ ಕಿವಿಯಲ್ಲಿ ಏನೋ ಹೇಳಿ, ನಿಂತಲ್ಲೇ ಸಹಿ ಹಾಕಿಬಿಟ್ಟರು.

"ಬಚಾವಾದ್ವಿ ಕಣ್ರೀ" ಎಂದರು ಮ್ಯಾನೇಜರ್ ಕಾರಿನಲ್ಲಿ. "ಹೋದಲ್ಲೆಲ್ಲ ಜನ ಬೇಕಂತಲೇ ಸೋತು ಸೋತು ಅವರಿಗೆ ಸಾಕಾಗಿತ್ತಂತೆ. ಮುಲಾಜಿಲ್ದೆ ಗೆದ್ದೋರು ನೀವೊಬ್ಬರೇ ಅಂತೆ. ಇಂಥ ನೇರ ಮನುಷ್ಯನನ್ನ ಬಿಡಬೇಡಿ ಅಂದ್ರು."

"ಹಾಗಾದ್ರೆ ಸಾರ್, ಗಾಜಿನ ಕೋಣೆ..."

"ಅದು ಹೇಗಾಗುತ್ತೆ? ತಮ್ಮ ವ್ಯವಹಾರವೆಲ್ಲ ನಿಮ್ಮ ಕೈಯಿಂದಲೇ ಆಗ್ಬೇಕು, ಒಪ್ಪಂದ ಮುಗಿಯೋವರೆಗೂ ನಿಮ್ಮನ್ನ ಆ ಮೇಜಿಂದ ಕದಲಿಸ್ಬಾರದು ಅಂತ ಷರತ್ತು ಹಾಕಿದಾರೆ. ಅತಿಥಿ ಮಾತು ಮೀರೋಕಾಗುತ್ತಾ?"

"ಎಲ್ಲಿವರೆಗೆ ಸಾರ್ ಒಪ್ಪಂದ?"

"ನಿಮ್ಮ ನಿವೃತ್ತಿವರೆಗೂ ಚಿಂತೆಯಿಲ್ಲ ಬಿಡಿ."

ಮರುದಿನ ಗಾಜಿನ ಕೋಣೆಗೆ ಕ್ಯಾಷಿಯರ್ ಹೋದ. ಚಾಂಪಿಯನ್‌ನನ್ನು ಅಭಿನಂದಿಸಲು ಇಡೀ ಕಚೇರಿ, ಒಬ್ಬೊಬ್ಬರಾಗಿ, ಬಾಗಿಲು ನೂಕಿಕೊಂಡು ಬಂತು.