ಗಪ್ಪಿಗಳೊಂದಿಗೆ ಸಹಭೋಜನ

“ಎಂಟು ಗಪ್ಪಿ ಮೀನು ಸಾಕೋದೇನು ಬ್ರಹ್ಮವಿದ್ಯೆನಾ? ನೀನು ನಿಶ್ಚಿಂತೆಯಾಗಿ ಹೋಗು. ಬರೋ ಹೊತ್ತಿಗೆ ಒಂದೊಂದೂ ಕುಂಬಳಕಾಯಿ ಆಗಿರತ್ತೆ!”

ಹೀಗೆಂದು ಎದೆ ತಟ್ಟಿಕೊಂಡ ದರ್ಜಿಯನ್ನು ಅವನ ಹೆಂಡತಿ ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳು ನರ್ಸು. ಆರು ತಿಂಗಳ ಮಟ್ಟಿಗೆ ದೂರದ ಆಸ್ಪತ್ರೆಗೆ ವರ್ಗವಾಗಿತ್ತು.

“ಕುಂಬಳಕಾಯಿ ಬೇಡ, ಮೀನಾಗೇ ಇರ್ಲಿ. ದಿನಕ್ಕೆ ಒಂದೇ ಸಲ, ಒಂದೇ ಚಿಟಿಕೆ ತಿಂಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸಿ. ನೆನಪಿರತ್ತಾ?” ಎಂದವಳೇ ಬಸ್ಸು ಹತ್ತಿದಳು.

ನೆನಪೇನೋ ಇತ್ತು. ಆದರೆ ಆ ಮನೆ! ಹೊಲಿಗೆ ಯಂತ್ರ ನಿಂತರೆ ಸಾಕು, ಗಡಿಯಾರದ ಟಿಕ್‌ಟಿಕ್ ಕೂಡ ಕಿವಿಗೆ ಬಡಿಯುತ್ತಿತ್ತು. ಮೂರನೆಯ ದಿನ ಅವನು ಊಟದ ತಟ್ಟೆ ಹಿಡಿದು ಮೀನಿನ ತೊಟ್ಟಿಯ ಪಕ್ಕ ಕೂತ. ಎಂಟೂ ಮೀನು ಬಾಲ ಕುಣಿಸುತ್ತ ಗಾಜಿಗೆ ಮುತ್ತಿಕೊಂಡವು. ಆಹಾ, ಏನು ಪ್ರೀತಿ! ಇಡೀ ಊರಿನಲ್ಲಿ ಅವನನ್ನು ಕಂಡು ಓಡಿ ಬರುವ ಜೀವ ಬೇರೆ ಯಾವುದಿತ್ತು? ಅವುಗಳೆದುರು ಒಬ್ಬನೇ ಉಣ್ಣುವುದುಂಟೆ? ಒಂದು ಚಿಟಿಕೆ ಉದುರಿಸಿದ. ಅಂದಿನಿಂದ ತಿಂಡಿಗೊಂದು, ಊಟಕ್ಕೊಂದು, ಚಹಾಕ್ಕೊಂದು, ರಾತ್ರಿಗೆ ಎರಡು. ಗಿರಾಕಿಗಳ ಮೇಲಿನ ದೂರನ್ನೆಲ್ಲ ಅವುಗಳ ಮುಂದೆ ತೋಡಿಕೊಂಡ. ಅವು ಬಾಯಿ ತೆರೆದು ಮುಚ್ಚಿ ಹೌದೌದು ಎಂದವು.

ಹೆಂಡತಿಯ ಫೋನು ಬಂದರೆ ಮೊದಲ ಪ್ರಶ್ನೆ, “ಮೀನು ಹೇಗಿವೆ?”

“ನಾನೂ ಬದುಕಿದೀನಿ ಕಣೇ!”

“ಅದು ಗೊತ್ತಾಗ್ತಿದೆ, ಮಾತಾಡ್ತಿದೀರಲ್ಲ. ಮೀನು?”

ತಿಂಗಳು ತುಂಬುವ ಹೊತ್ತಿಗೆ ನೀರು ಹಾಲಿನಂತಾಯಿತು. ದರ್ಜಿಗೆ ಪೌರುಷ ಉಕ್ಕಿತು. ಕಾಲುಭಾಗವೇಕೆ, ಪೂರ್ತಿ ನೀರನ್ನೇ ಚೆಲ್ಲಿ ಹೊಸದು ತುಂಬಿದ! ಕಪ್ಪಗಾಗಿದ್ದ ಫಿಲ್ಟರಿನ ಸ್ಪಂಜನ್ನು ಕುದಿಯುವ ನೀರಿಗೆ ಹಾಕಿ, ತಿಕ್ಕಿ ತಿಕ್ಕಿ ಹೊಸ ಅಂಗಿಯ ಕಾಲರಿನಷ್ಟು ಬೆಳ್ಳಗೆ ಮಾಡಿದ. ಮರುದಿನ ಬೆಳಿಗ್ಗೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

“ಅಯ್ಯೋ ಪಾಪ, ಹಸಿವು!” ಎಂದು ಇನ್ನೆರಡು ಚಿಟಿಕೆ ಹಾಕಿದ. ಮಧ್ಯಾಹ್ನಕ್ಕೆ ಹೆಂಡತಿಯ ಮುದ್ದಿನ ಕಪ್ಪುಬಾಲದ ಮೀನು ಹೊಟ್ಟೆ ಮೇಲಾಗಿ ತೇಲಿತು. ಉಳಿದ ಏಳನ್ನಾದರೂ ಉಳಿಸಬೇಕಲ್ಲ! ಅಕ್ವೇರಿಯಂ ಅಂಗಡಿಗೆ ಓಡಿ ನಡೆದದ್ದನ್ನೆಲ್ಲ ಒದರಿದ.

“ದಿನಕ್ಕೆ ಎಷ್ಟು ಸಲ ತಿಂಡಿ ಹಾಕ್ತೀರಿ?” ಅಂಗಡಿಯವನು ಕೇಳಿದ.

“ನಾನು ಉಣ್ಣುವಾಗೆಲ್ಲ.”

“ಅದು ಹಸಿವಲ್ಲ ಸ್ವಾಮಿ, ಉಸಿರು ಕಟ್ಟಿದ್ದು! ಮಿಕ್ಕಿದ್ದು ಕೊಳೆತು ನೀರು ವಿಷ ಆಗಿದೆ. ಆ ವಿಷ ತಿನ್ನೋ ಒಳ್ಳೇ ಕ್ರಿಮಿಗಳು ಸ್ಪಂಜಲ್ಲಿದ್ವು, ಅವನ್ನ ನೀವು ಬೇಯಿಸಿಬಿಟ್ರಿ!” ಎನ್ನುತ್ತ ಅವನು ತನ್ನ ತೊಟ್ಟಿಯಿಂದ ಲೋಳೆ ಸೋರುವ ಹಳೆಯ ಸ್ಪಂಜೊಂದನ್ನು ಕಿತ್ತು ಕೊಟ್ಟ. “ಇದನ್ನ ತೊಳೆದೀರಿ, ಜೋಕೆ! ದಿನಾ ಕಾಲುಭಾಗ ನೀರು ಬದಲಾಯಿಸಿ, ಹಿಂದಿನ ದಿನವೇ ಹಿಡಿದಿಟ್ಟ ನೀರು. ಮತ್ತೆ ನಾಲ್ಕು ದಿನ ಉಪವಾಸ.”

“ನಾನಾ?”

“ಮೀನು!”

ಆ ಕೊಳಕು ಸ್ಪಂಜನ್ನು ದರ್ಜಿ ಎರಡೂ ಕೈಯಲ್ಲಿ ಹಿಡಿದು ಭಯಭಕ್ತಿಯಿಂದ ಮನೆಗೆ ತಂದ. ನಾಲ್ಕು ದಿನ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಉಂಡ. ಐದನೆಯ ದಿನ ಏಳೂ ಮೀನು ಚೇತರಿಸಿಕೊಂಡು ಓಡಾಡತೊಡಗಿದಾಗ, ಇನ್ನು ಮುಚ್ಚಿಡಲಾರೆ ಎಂದು ತಾನೇ ಫೋನು ಮಾಡಿದ.

“ಕಪ್ಪುಬಾಲದ್ದು ಹೋಯ್ತು ಕಣೇ. ಒಬ್ಬನೇ ಕೂತು ಉಣ್ಣೋಕಾಗ್ಲಿಲ್ಲ, ಅದಕ್ಕೇ ಅವಕ್ಕೂ ಹಾಕ್ತಾ ಹೋದೆ. ಬೈಯೋದಾದ್ರೆ ಬೈದುಬಿಡು.”

“ಯಾವ ಬಾಯಲ್ಲಿ ಬೈಲಿ?” ಎಂದಳು ಹೆಂಡತಿ. “ಇಲ್ಲೊಂದು ಬೆಕ್ಕು ಊಟದ ಹೊತ್ತಿಗೆ ನನ್ನ ಬಾಗಿಲಿಗೆ ಬರ್ತಿತ್ತು, ನಾನೂ ಹಾಕ್ತಾ ಹೋದೆ. ಈಗ ಆ ಹೊಟ್ಟೆ ಹೊತ್ಕೊಂಡು ಅದಕ್ಕೆ ಮೆಟ್ಟಿಲು ಹತ್ತೋಕಾಗಲ್ಲ. ದಿನಾ ನಾನೇ ತಟ್ಟೆ ತಗೊಂಡು ಕೆಳಗಿಳಿದು ಹೋಗ್ತೀನಿ.”